ಕೀಲುಬೇನೆಗೆ ರಕ್ತದ ಸಾಕ್ಷಿ: ಬಳ್ಳಾರಿ ಸೀಮೆಯ ಪಡುವಣ ತಾಲೂಕುಗಳಲ್ಲಿ ಸಂಧಿವಾತ ಪರೀಕ್ಷೆಯ ಚರಿತ್ರೆ

ರುಮಟಾಯ್ಡ್ ಸಂಧಿವಾತ ಎಂಬುದು ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬಿದ್ದು, ಅದನ್ನು ಊದಿಸಿ, ಕೊನೆಗೆ ಮೂಳೆಯ ಅಂಚನ್ನೂ ಸವೆಸುವ ರೋಗ. ಅದು ಮೊದಲು ಹಿಡಿಯುವುದು ಸಣ್ಣ ಕೀಲುಗಳನ್ನು: ಬೆರಳ ಬುಡ, ಬೆರಳ ನಡುಗೆಣ್ಣು, ಮಣಿಕಟ್ಟು, ಪಾದದ ಮುಂಭಾಗ. ಬಲಗೈಯಲ್ಲಿ ಕಂಡದ್ದು ಸಾಮಾನ್ಯವಾಗಿ ಎಡಗೈಯಲ್ಲೂ ಕಾಣುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಬೆಳಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಬರುವುದಿಲ್ಲ. ಬಿಗಿತ ಸಡಿಲಾಗಲು ಒಂದು ತಾಸಾದರೂ ಬೇಕು.

ಬಳ್ಳಾರಿ ಸೀಮೆಯ ಪಡುವಣ ತಾಲೂಕುಗಳಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಹೆಂಗಸರ ಕೈಗೆ ಹೆಚ್ಚು ಕೆಲಸವಿರುವುದು ಬೆಳಗಿನ ಇದೇ ಹೊತ್ತಿನಲ್ಲಿ. ಜೋಳದ ರೊಟ್ಟಿ ತಟ್ಟಲು ಅಂಗೈ ಪೂರ್ತಿ ಬಿಚ್ಚಿಕೊಳ್ಳಬೇಕು. ಹಡಗಲಿಯ ಮಲ್ಲಿಗೆ ತೋಟಗಳಲ್ಲಿ ಬಿಸಿಲೇರುವ ಮೊದಲೇ ಮೊಗ್ಗು ಬಿಡಿಸಬೇಕು, ಅದೂ ಹೆಬ್ಬೆರಳು ತೋರುಬೆರಳಿನ ತುದಿಯಿಂದ, ಒಂದೊಂದಾಗಿ. ಶೇಂಗಾ ಸುಲಿಯುವುದು, ಕಳೆ ಕೀಳುವುದು, ಹುಣಸೆಹಣ್ಣು ಬಿಡಿಸುವುದು ಎಲ್ಲವೂ ಬೆರಳಿನ ಕೆಲಸವೇ. ಆದ್ದರಿಂದ ಇಲ್ಲಿ ಈ ರೋಗ ವೈದ್ಯರ ಕಣ್ಣಿಗೆ ಬೀಳುವ ಎಷ್ಟೋ ಮೊದಲು ಒಲೆಯ ಮುಂದೆ ಮತ್ತು ಹೊಲದಲ್ಲಿ ಗೊತ್ತಾಗುತ್ತದೆ.

ಎಷ್ಟು ಜನರಿಗೆ ಇದು ಇರಬಹುದು ಎಂಬುದಕ್ಕೆ ದೇಶದ ಬೇರೆಡೆಯ ಸಮೀಕ್ಷೆಗಳು ದಾರಿ ತೋರುತ್ತವೆ. ದಿಲ್ಲಿಯ ಸುತ್ತಲಿನ ಹಳ್ಳಿಗಳಲ್ಲಿ ಎ.ಎನ್. ಮಾಳವೀಯರ ತಂಡ ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 0.75ರಷ್ಟು ಮಂದಿಗೆ ರೋಗವಿತ್ತು. ಪುಣೆ ಜಿಲ್ಲೆಯ ಭಿಗವಣದಲ್ಲಿ ಅರವಿಂದ ಚೋಪ್ರಾ ಅವರ ತಂಡ 1996ರಲ್ಲಿ ಆರಂಭಿಸಿದ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 0.5ರ ಆಸುಪಾಸಿನಲ್ಲಿತ್ತು. ನಮ್ಮ ಪಡುವಣ ತಾಲೂಕುಗಳ ಒಟ್ಟು ಜನಸಂಖ್ಯೆ 2011ರ ಗಣತಿಯಲ್ಲಿ ಹತ್ತು ಲಕ್ಷದ ಹತ್ತಿರವಿತ್ತು. ಭಿಗವಣದ ಪ್ರಮಾಣವನ್ನೇ ಹಿಡಿದರೂ ರೋಗಿಗಳು ಮೂರು ಸಾವಿರಕ್ಕೆ ಕಡಿಮೆ ಇರಲಾರರು. ಇದು ಬರಿಯ ಲೆಕ್ಕಾಚಾರ, ಎಣಿಕೆಯಲ್ಲ.

ಹಳೆಯ ಕಾಲದಲ್ಲಿ ಇಲ್ಲಿ ಕೀಲಿನ ನೋವೆಲ್ಲ ಒಂದೇ ಆಗಿತ್ತು. ವಾಯು ಹಿಡಿದಿದೆ ಎಂದರೆ ಮುಗಿಯಿತು. ಮಂಡಿ ಸವೆದ ಮುದುಕನಿಗೂ, ಬೆರಳು ಊದಿದ ಬಾಣಂತಿಗೂ ಅದೇ ಮಾತು. ಲಕ್ಕಿ ಸೊಪ್ಪು ಕುದಿಸಿ ಶಾಖ ಕೊಡುವುದು, ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟುವುದು, ಕಡೆಗೆ ಬರೆ ಹಾಕುವುದು, ಇವು ಮನೆಮದ್ದು. ಹಾಗೆಂದು ಶಾಸ್ತ್ರಕ್ಕೆ ಭೇದ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಚರಕಸಂಹಿತೆ ವಾತರಕ್ತವನ್ನು ಪ್ರತ್ಯೇಕ ಅಧ್ಯಾಯದಲ್ಲಿ ಹೇಳಿದೆ. ಏಳು-ಎಂಟನೇ ಶತಮಾನದ ಮಾಧವನಿದಾನದಲ್ಲಿ ಆಮವಾತದ ವರ್ಣನೆ ಇದೆ: ಹಸಿವಿಲ್ಲದಿರುವುದು, ಮೈ ಭಾರ, ಜ್ವರ, ಕೀಲುಗಳ ಊತ, ಬಿಗಿತ. ಮೈಯೆಲ್ಲ ಕೆಟ್ಟು ಕೀಲಿನಲ್ಲಿ ತೋರುವ ರೋಗ ಎಂಬ ತಿಳಿವು ಅದರಲ್ಲಿದೆ, ಮತ್ತು ಅದು ಇಂದಿನ ತಿಳಿವಿಗೆ ದೂರವಲ್ಲ. ಕಷ್ಟ ಇದ್ದದ್ದು ಗುರುತಿಸುವ ಬಗೆಯಲ್ಲಿ. ಕಣ್ಣು ಮತ್ತು ಕೈ ಹೇಳಿದ್ದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ವೈದ್ಯರ ಬಳಿಯೂ ಇರಲಿಲ್ಲ.

ಯುರೋಪಿನಲ್ಲೂ ಸ್ಥಿತಿ ಬೇರೆಯಿರಲಿಲ್ಲ. ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಯುವ ವೈದ್ಯ ಲಾಂದ್ರೆ-ಬೋವೆ 1800ರಲ್ಲಿ ತನ್ನ ಪ್ರಬಂಧದಲ್ಲಿ, ಬಡ ಹೆಂಗಸರಲ್ಲಿ ಕಾಣುವ ಈ ಕೀಲುರೋಗ ಶ್ರೀಮಂತರ ಗೌಟ್ ಎಂಬ ಕೀಲುಬೇನೆಗಿಂತ ಬೇರೆ ಎಂದು ಬರೆದ. ಬಳ್ಳಾರಿ ಸೀಮೆ ನಿಜಾಮನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದದ್ದೂ ಅದೇ ವರ್ಷ. ರಕ್ತವನ್ನೇ ಸಾಕ್ಷಿಗೆ ಕರೆದವನು ಲಂಡನ್ನಿನ ಆಲ್ಫ್ರೆಡ್ ಬೇರಿಂಗ್ ಗ್ಯಾರಡ್. ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು 1848ರಲ್ಲಿ ಅವನು ತೋರಿಸಿದ. ಕೆಲವು ವರ್ಷಗಳ ನಂತರ ಒಂದು ಸರಳ ಉಪಾಯ ಹೂಡಿದ: ಚಪ್ಪಟೆ ಗಾಜಿನ ತಟ್ಟೆಯಲ್ಲಿ ರಕ್ತದ ತಿಳಿಯನ್ನು ಹಾಕಿ, ಸ್ವಲ್ಪ ಅಸಿಟಿಕ್ ಆಮ್ಲ ಬೆರೆಸಿ, ಒಂದೆರಡು ಎಳೆ ನಾರುದಾರ ಮುಳುಗಿಸಿ ಇಡುವುದು. ಒಂದೆರಡು ದಿನದಲ್ಲಿ ಗೌಟ್ ರಕ್ತದ ದಾರಕ್ಕೆ ಹರಳು ಹತ್ತುತ್ತಿತ್ತು, ಇನ್ನೊಂದು ಬಗೆಯ ರೋಗಿಯ ದಾರಕ್ಕೆ ಹತ್ತುತ್ತಿರಲಿಲ್ಲ. ಆ ಇನ್ನೊಂದಕ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರನ್ನು ಅವನು 1859ರಲ್ಲಿ ಕೊಟ್ಟ. ಕೀಲುರೋಗದ ಮೊದಲ ರಕ್ತಪರೀಕ್ಷೆ ಹೀಗೆ, ಏನು ಅಲ್ಲ ಎಂಬುದನ್ನು ಹೇಳುವ ಪರೀಕ್ಷೆಯಾಗಿತ್ತು.

ಆಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ತಾಲೂಕುಗಳು. ಹಗರಿಬೊಮ್ಮನಹಳ್ಳಿ ತಾಲೂಕಾದದ್ದು ಆಮೇಲೆ, ಕೊಟ್ಟೂರು ತೀರ ಈಚೆಗೆ. ಮದರಾಸು ಸರ್ಕಾರ 1871ರ ಕಾಯ್ದೆಯಿಂದ ಲೋಕಲ್ ಫಂಡ್ ಮಂಡಳಿಗಳನ್ನು ಮಾಡಿ, ಊರ ಡಿಸ್ಪೆನ್ಸರಿಗಳ ಹೊಣೆಯನ್ನು ಅವುಗಳಿಗೆ ವಹಿಸಿತು. ಆ ಡಿಸ್ಪೆನ್ಸರಿಗಳ ಮುಖ್ಯ ಕೆಲಸ ಜ್ವರ, ಭೇದಿ, ಗಾಯ, ಸಿಡುಬಿನ ಲಸಿಕೆ. ಕೀಲುನೋವಿಗೆ ಹಚ್ಚಲು ಎಣ್ಣೆ, ಕುಡಿಯಲು ಸ್ಯಾಲಿಸಿಲೇಟ್ ಮಿಕ್ಸ್ಚರ್. ಹೊಸಪೇಟೆಯಿಂದ ಕೊಟ್ಟೂರಿಗೆ 1905ರಲ್ಲಿ ರೈಲು ಬಂದ ಮೇಲೆ ರೋಗಿಗಳು ಬಳ್ಳಾರಿಗೆ ಹೋಗುವುದು ಹಗುರಾಯಿತು, ಆದರೆ ಅಲ್ಲಿಯೂ ದೊಡ್ಡ ಪರೀಕ್ಷೆಗಳಿರಲಿಲ್ಲ. ಪ್ರಾಂತಕ್ಕೆಲ್ಲ ದೊಡ್ಡ ಪ್ರಯೋಗಾಲಯ ಮದರಾಸಿನ ಗಿಂಡಿಯಲ್ಲಿದ್ದ ಕಿಂಗ್ ಇನ್‌ಸ್ಟಿಟ್ಯೂಟ್.

ಈ ಸೀಮೆಯ ಕೀಲುನೋವಿನ ಒಂದು ಗಂಟು ಬಿಚ್ಚಿಕೊಂಡದ್ದು ಆ ಗಿಂಡಿಯಿಂದಲೇ, ಅದೂ ನೀರಿನ ಮೂಲಕ. ಸಂಸ್ಥೆಯ ನಿರ್ದೇಶಕ ಎಚ್.ಇ. ಶಾರ್ಟ್ ಮತ್ತು ಸಹೋದ್ಯೋಗಿಗಳು 1937ರಲ್ಲಿ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆನ್ನು ಸೆಟೆದು, ಕೀಲು ಮರಗಟ್ಟಿ ಬಾಗಲಾಗದೆ ಹೋದವರನ್ನು ಪರೀಕ್ಷಿಸಿ, ಕಾರಣ ಬಾವಿನೀರಿನ ಫ್ಲೋರೈಡ್ ಎಂದು ಕಂಡುಹಿಡಿದರು. ಬಳ್ಳಾರಿ ಸೀಮೆಯ ಕಗ್ಗಲ್ಲಿನ ನೆಲದ ಅಂತರ್ಜಲದಲ್ಲೂ ಹಲವೆಡೆ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕ ಹಾಕಿದ ಮೇರೆ ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸೈರಣೆ. ಬಾವಿಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದಂತೆ ಈ ತೊಂದರೆ ಹೆಚ್ಚಿತು. ಹಲ್ಲಿನ ಮೇಲೆ ಕಂದು ಗೆರೆ, ಬೆನ್ನಿನ ಬಿಗಿತ, ಕ್ಷ-ಕಿರಣದಲ್ಲಿ ಅತಿ ಬೆಳ್ಳಗೆ ತೋರುವ ಮೂಳೆ, ಇವು ಫ್ಲೋರೋಸಿಸ್ ಗುರುತು. ಈ ರೋಗಿಯ ರಕ್ತದಲ್ಲಿ ಉರಿಯೂತದ ಸುಳಿವು ಸಾಮಾನ್ಯವಾಗಿ ಇರುವುದಿಲ್ಲ. ಒಂದೇ ಊರಿನ ಒಂದೇ ನೋವಿನಲ್ಲಿ ಎರಡು ರೋಗ ಎಂಬುದು ಹೀಗೆ ಬೇರೆಯಾಗತೊಡಗಿತು.

ಉರಿಯೂತದ ಸುಳಿವು ಎಂದರೆ ಆಗ ಇಎಸ್‌ಆರ್, ರಕ್ತಕಣ ಇಳಿಯುವ ವೇಗ. ಸ್ವೀಡನ್ನಿನ ರಾಬಿನ್ ಫೋರೇಯಸ್ ಗರ್ಭಿಣಿಯರ ರಕ್ತದಲ್ಲಿ ಇದನ್ನು ಗಮನಿಸಿದ. ಆಲ್ಫ್ ವೆಸ್ಟರ್‌ಗ್ರೆನ್ 1921ರಲ್ಲಿ ಕ್ಷಯರೋಗಿಗಳ ಮೇಲೆ ಪ್ರಯೋಗಿಸಿ ಅದರ ವಿಧಾನವನ್ನು ಗಟ್ಟಿ ಮಾಡಿದ. ನಾಲ್ಕು ಪಾಲು ರಕ್ತಕ್ಕೆ ಒಂದು ಪಾಲು ಸೋಡಿಯಂ ಸಿಟ್ರೇಟ್ ಬೆರೆಸಿ, 200 ಮಿಲಿಮೀಟರ್ ಗುರುತಿನ ತೆಳು ಗಾಜಿನ ನಳಿಕೆಗೆ ಎಳೆದು, ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಬೇಕು. ಸರಿಯಾಗಿ ಒಂದು ಗಂಟೆಯ ನಂತರ ಕೆಂಪು ಎಷ್ಟು ಇಳಿದು ಮೇಲೆ ಎಷ್ಟು ತಿಳಿಹಳದಿ ನಿಂತಿದೆ ಎಂದು ಓದಬೇಕು. ಉರಿಯೂತವಿದ್ದಾಗ ಯಕೃತ್ತು ಫೈಬ್ರಿನೋಜನ್ ಹೆಚ್ಚು ಮಾಡುತ್ತದೆ. ಅದರಿಂದ ಕೆಂಪುಕಣಗಳು ಒಂದರ ಮೇಲೊಂದು ಅಂಟಿ ಭಾರವಾಗಿ ಬೇಗ ಇಳಿಯುತ್ತವೆ. ವಿದ್ಯುತ್ತು ಬೇಡ, ಸೂಕ್ಷ್ಮದರ್ಶಕವೂ ಬೇಡ. ತಾಲೂಕು ಆಸ್ಪತ್ರೆಗೆ ಇದಕ್ಕಿಂತ ಒಗ್ಗುವ ಪರೀಕ್ಷೆ ಇನ್ನೊಂದಿಲ್ಲ.

ಆದರೆ ಅದರ ಲೋಪಗಳೂ ಇಲ್ಲಿಯ ಬದುಕಿಗೇ ತಗುಲಿಕೊಂಡವು. ನಳಿಕೆ ತುಸು ವಾಲಿದರೆ ಕಣ ಬೇಗ ಇಳಿಯುತ್ತದೆ. ಕೋಣೆ ಕಾದಿದ್ದರೂ ಹಾಗೆಯೇ. ನಲವತ್ತು ಡಿಗ್ರಿ ಮುಟ್ಟುವ ಏಪ್ರಿಲ್‌ನಲ್ಲಿ ಬಳ್ಳಾರಿ ಸೀಮೆಯ ಲ್ಯಾಬಿನ ಅಂಕಿಯನ್ನು ಊಟಿಯ ಅಂಕಿಯ ಪಕ್ಕ ಇಡುವುದು ಸರಿಯಲ್ಲ. ಇವೆರಡಕ್ಕಿಂತ ದೊಡ್ಡದು ರಕ್ತಹೀನತೆ. ಕೆಂಪುಕಣ ಕಡಿಮೆಯಿದ್ದರೆ ಕೀಲುರೋಗವಿಲ್ಲದೆಯೂ ಇಎಸ್‌ಆರ್ ಏರುತ್ತದೆ, ಮತ್ತು ಹಳ್ಳಿಯ ಹೆಂಗಸರಲ್ಲಿ ರಕ್ತಹೀನತೆ ಸರ್ವೇಸಾಮಾನ್ಯ. ಇಎಸ್‌ಆರ್ ನಲವತ್ತು ಬಂದ ಕೂಲಿ ಹೆಂಗಸಿಗೆ ಬೇಕಾದದ್ದು ಕಬ್ಬಿಣದ ಮಾತ್ರೆಯೋ ಕೀಲಿನ ಔಷಧವೋ ಎಂದು ಆ ಅಂಕಿಯೊಂದೇ ಹೇಳಲಾರದು.

ಕೀಲುರೋಗದ್ದೇ ಆದ ಗುರುತು ಸಿಕ್ಕಿದ್ದು ಆಕಸ್ಮಿಕವಾಗಿ. ನಾರ್ವೆಯ ಓಸ್ಲೋದಲ್ಲಿ ಎರಿಕ್ ವಾಲರ್ ಬೇರೊಂದು ಪರೀಕ್ಷೆಗೆ ಕುರಿಯ ರಕ್ತಕಣ ಬಳಸುತ್ತಿದ್ದಾಗ, ಒಬ್ಬ ಸಂಧಿವಾತ ರೋಗಿಯ ರಕ್ತದ ತಿಳಿ ಆ ಕಣಗಳನ್ನು ಗುಂಪುಗೂಡಿಸಿದ್ದನ್ನು ಕಂಡ. ಅದನ್ನು ಅಲ್ಲಿಗೇ ಬಿಡದೆ ಬೆನ್ನುಹತ್ತಿ 1940ರಲ್ಲಿ ಪ್ರಕಟಿಸಿದ. ಯುದ್ಧದ ಗದ್ದಲದಲ್ಲಿ ಯಾರೂ ಓದಲಿಲ್ಲ. ನ್ಯೂಯಾರ್ಕಿನಲ್ಲಿ ಹ್ಯಾರಿ ರೋಸ್ ತಂಡ 1948ರಲ್ಲಿ ಅದನ್ನೇ ಮತ್ತೆ ಕಂಡುಹಿಡಿಯಿತು. ಹಾಗಾಗಿ ಪಠ್ಯಗಳಲ್ಲಿ ಅದು ವಾಲರ್-ರೋಸ್ ಪರೀಕ್ಷೆ. ಗುಂಪುಗೂಡಿಸುವ ವಸ್ತುವಿಗೆ ರುಮಟಾಯ್ಡ್ ಫ್ಯಾಕ್ಟರ್ ಎಂದು ಹೆಸರಾಯಿತು. ಅದು ನಮ್ಮದೇ ಪ್ರತಿಕಾಯಗಳ ಮೇಲೆ ಬೀಳುವ ಇನ್ನೊಂದು ಪ್ರತಿಕಾಯ ಎಂಬುದು 1957ರ ಹೊತ್ತಿಗೆ ಹೆನ್ರಿ ಕುಂಕೆಲ್ ಬಳಗದ ಕೆಲಸದಿಂದ ತಿಳಿಯಿತು.

ಕುರಿಯ ರಕ್ತ ಸಾಕಿಟ್ಟುಕೊಂಡು ಮಾಡುವ ಪರೀಕ್ಷೆ ಕೂಡ್ಲಿಗಿಗೆ ಬರುವುದು ಸಾಧ್ಯವಿರಲಿಲ್ಲ, ಕುರಿಗಳಿಗೆ ಅಲ್ಲಿ ಕೊರತೆಯಿಲ್ಲದಿದ್ದರೂ. ದಾರಿ ಮಾಡಿದ್ದು 1956ರಲ್ಲಿ ಸಿಂಗರ್ ಮತ್ತು ಪ್ಲಾಟ್ಜ್ ರೂಪಿಸಿದ ಲೇಟೆಕ್ಸ್ ಪರೀಕ್ಷೆ. ಕುರಿಯ ಕಣದ ಬದಲು ಮನುಷ್ಯರ ಪ್ರತಿಕಾಯ ಲೇಪಿಸಿದ ಸಣ್ಣ ಲೇಟೆಕ್ಸ್ ಮಣಿಗಳು. ಹಾಲಿನಂಥ ದ್ರವ, ಪುಟ್ಟ ಸೀಸೆ. ಕಪ್ಪು ಹಿನ್ನೆಲೆಯ ಸ್ಲೈಡಿನ ಮೇಲೆ ರೋಗಿಯ ರಕ್ತದ ತಿಳಿ ಒಂದು ಹನಿ, ಲೇಟೆಕ್ಸ್ ಒಂದು ಹನಿ, ಕಡ್ಡಿಯಿಂದ ಬೆರೆಸಿ ಎರಡು ನಿಮಿಷ ಅತ್ತಿತ್ತ ಅಲುಗಿಸಬೇಕು. ನೋಡನೋಡುತ್ತ ಹಾಲು ಒಡೆದಂತೆ ಬಿಳಿ ಕಾಳು ಕಟ್ಟಿದರೆ ಪಾಸಿಟಿವ್. ಹೊತ್ತು ಮೀರಿದರೆ ಅಂಚು ಒಣಗಿಯೂ ಕಾಳು ತೋರುತ್ತದೆ, ಆದ್ದರಿಂದ ಗಡಿಯಾರ ನೋಡುತ್ತಲೇ ಓದಬೇಕು.

ರಾಜಕೀಯ ಭೂಪಟ ಈ ನಡುವೆ ಬದಲಾಯಿತು. ಬಳ್ಳಾರಿ ಜಿಲ್ಲೆಯ ಕನ್ನಡ ತಾಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಬಳ್ಳಾರಿಯಲ್ಲಿ 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಮುಂದೆ ಅದೇ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ವಿಮ್ಸ್. ದಾವಣಗೆರೆಯಲ್ಲಿ 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಬಂತು. ಹರಪನಹಳ್ಳಿ, ಕೊಟ್ಟೂರಿನವರಿಗೆ ದಾವಣಗೆರೆಯೇ ಹತ್ತಿರ. ಹಗರಿಬೊಮ್ಮನಹಳ್ಳಿಯವರಿಗೆ ಹೊಸಪೇಟೆ, ಬಳ್ಳಾರಿ. ಹಡಗಲಿಯವರು ಹೊಳೆ ದಾಟಿ ಗದಗ, ಹುಬ್ಬಳ್ಳಿಯ ಕಡೆಗೂ ಹೋಗುತ್ತಾರೆ. ಜಿಲ್ಲೆಯ ಗೆರೆ ಎಲ್ಲೆಲ್ಲಿ ಎಳೆದರೂ (ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ) ರೋಗಿಗಳು ನಡೆದದ್ದು ಬಸ್ಸಿನ ದಾರಿಯನ್ನು ನೋಡಿ.

ಲೇಟೆಕ್ಸ್ ಕಿಟ್ ಅಗ್ಗವಾಗಿ ತಾಲೂಕು ಊರುಗಳ ಖಾಸಗಿ ಲ್ಯಾಬುಗಳಿಗೂ ಬಂದಾಗ 'ಆರ್‌ಎ ಟೆಸ್ಟ್' ಮನೆಮಾತಾಯಿತು, ಜೊತೆಗೆ ಅದರ ದುರುಪಯೋಗವೂ. ರುಮಟಾಯ್ಡ್ ಫ್ಯಾಕ್ಟರ್ ರೋಗಿಗಳಲ್ಲಿ ಶೇ 70-80ರಷ್ಟು ಮಂದಿಯಲ್ಲಿ ಸಿಗುತ್ತದೆ. ಉಳಿದವರಿಗೆ ರೋಗವಿದ್ದೂ ರಕ್ತ ಸುಮ್ಮನಿರುತ್ತದೆ. ಇನ್ನೊಂದು ಕಡೆ ನೂರು ಆರೋಗ್ಯವಂತರಲ್ಲಿ ಸುಮಾರು ಐವರಿಗೆ ಅದು ಇರುತ್ತದೆ, ವಯಸ್ಸಾದಂತೆ ಇನ್ನೂ ಹೆಚ್ಚು. ಕ್ಷಯ, ಕುಷ್ಠ, ಯಕೃತ್ತಿನ ವೈರಾಣು ರೋಗಗಳಲ್ಲೂ ಅದು ತೋರುತ್ತದೆ. ಹೀಗಿರುವಾಗ ಬರೀ ಮಂಡಿ ಸವೆದ ಅರವತ್ತರ ಅಜ್ಜಿಯ ಕೈಗೆ ಪಾಸಿಟಿವ್ ಚೀಟಿ ಸಿಕ್ಕಿ ವರ್ಷಗಟ್ಟಲೆ ಬೇಡದ ಗುಳಿಗೆ ನುಂಗುವುದು, ನಿಜಕ್ಕೂ ರೋಗವಿದ್ದ ಮೂವತ್ತರ ಸೊಸೆ ನೆಗೆಟಿವ್ ಚೀಟಿ ನೋಡಿ ಸುಮ್ಮನಾಗುವುದು, ಎರಡೂ ನಡೆಯುತ್ತವೆ. ತಪ್ಪು ಪರೀಕ್ಷೆಯದಲ್ಲ, ಒಂದೇ ಚೀಟಿಯಿಂದ ತೀರ್ಪು ಕೊಡುವ ಅವಸರದ್ದು.

ಔಷಧದ ಚರಿತ್ರೆ ಇಲ್ಲಿ ಪರೀಕ್ಷೆಯ ಚರಿತ್ರೆಯೊಳಗೆ ಹೆಣೆದುಕೊಳ್ಳುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ 1948ರ ಸೆಪ್ಟೆಂಬರಿನಲ್ಲಿ ಹಾಸಿಗೆ ಹಿಡಿದ ರೋಗಿಯೊಬ್ಬಳಿಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಚುಚ್ಚಿದಾಗ ಅವಳು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಸ್ಟಿರಾಯ್ಡ್ ನೋವನ್ನೂ ಊತವನ್ನೂ ಇಳಿಸುತ್ತದೆ, ಇಎಸ್‌ಆರ್ ಅನ್ನೂ ಇಳಿಸುತ್ತದೆ. ನಾಡಿನ ಎಷ್ಟೋ ಕಡೆಗಳಂತೆ ಹೆಸರಿಲ್ಲದ ಪೊಟ್ಟಣದ ಪುಡಿಯಲ್ಲಿ ಅದು ಅಡಗಿ ಬಂದಾಗ, ರೋಗಿಗೆ ಗುಣವಾದಂತೆ ತೋರುತ್ತದೆ, ಮುಖ ದುಂಡಗಾಗುತ್ತದೆ, ಮೂಳೆ ಟೊಳ್ಳಾಗುತ್ತದೆ. ಆಗ ತೆಗೆದ ರಕ್ತದ ಅಂಕಿಯೂ ಸುಳ್ಳು ಹೇಳುತ್ತದೆ.

ರೋಗದ ಓಟವನ್ನೇ ತಡೆದ ಅಗ್ಗದ ಮದ್ದು ಮೆಥೋಟ್ರೆಕ್ಸೇಟ್. ಅದರ ಮೂಲ ಲೆಡರ್ಲೆ ಕಂಪನಿಯಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ನಡೆಸಿದ ಸಂಶೋಧನೆ. ಅವರು ಭೀಮಾವರದಲ್ಲಿ 1895ರಲ್ಲಿ ಹುಟ್ಟಿ ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಓದಿದವರು, ಬಳ್ಳಾರಿಯೂ ಸೇರಿದ್ದ ಅದೇ ಪ್ರಾಂತದವರು. ಮೆಥೋಟ್ರೆಕ್ಸೇಟಿನ ಕುಲದ್ದೇ ಆದ ಅಮೈನೋಪ್ಟೆರಿನ್ ಅನ್ನು 1951ರಲ್ಲಿ ವೈದ್ಯ ಗಬ್ನರ್ ಸಂಧಿವಾತಕ್ಕೆ ಕೊಟ್ಟು ನೋಡಿದ. ಆದರೆ ಮೆಥೋಟ್ರೆಕ್ಸೇಟಿಗೆ ಅಮೆರಿಕದಲ್ಲಿ ಈ ರೋಗಕ್ಕೆ ಅನುಮತಿ ಸಿಕ್ಕಿದ್ದು 1988ರಲ್ಲಿ. ಈ ಗುಳಿಗೆ ವಾರಕ್ಕೊಂದೇ ದಿನ; ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಅದನ್ನು ತೆಗೆದುಕೊಳ್ಳುವವರು ಆಗಾಗ ರಕ್ತಕಣಗಳ ಎಣಿಕೆ ಮತ್ತು ಯಕೃತ್ತಿನ ಪರೀಕ್ಷೆ ಮಾಡಿಸಲೇಬೇಕು. ರೋಗ ಗುರುತಿಸಲು ಹುಟ್ಟಿದ ಲ್ಯಾಬಿನ ನಂಟು ಹೀಗೆ ಔಷಧಿಯನ್ನು ಕಾಯುವ ನಂಟೂ ಆಯಿತು.

ರಕ್ತ ಎಲ್ಲ ಕೀಲುರೋಗಕ್ಕೂ ಸಾಕ್ಷಿ ಹೇಳುವುದಿಲ್ಲ ಎಂಬುದಕ್ಕೆ ಕರ್ನಾಟಕದ್ದೇ ಉದಾಹರಣೆ ಹಂದಿಗೋಡು ರೋಗ. ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಆ ಊರಿನಲ್ಲಿ 1970ರ ದಶಕದ ನಡುವಿನಲ್ಲಿ ಬೆಳಕಿಗೆ ಬಂದು, ಸೊಂಟ, ಮಂಡಿಗಳನ್ನು ಕೆಡಿಸಿದ ಆ ಬೇನೆಗೆ ಮೊದಲು ಗದ್ದೆಯ ಏಡಿ, ಕೀಟನಾಶಕಗಳ ಮೇಲೆ ಶಂಕೆ ಹೋಯಿತು. ಅದು ವಂಶದಲ್ಲಿ ಹರಿಯುವ ಮೂಳೆಬೆಳವಣಿಗೆಯ ದೋಷ ಎಂದು ತೋರಿಸಿದ್ದು ಕ್ಷ-ಕಿರಣ ಮತ್ತು ಮನೆತನದ ವಂಶವೃಕ್ಷ.

ಪಡುವಣ ತಾಲೂಕುಗಳಲ್ಲಿ ಕೀಲುನೋವು ಮನೆಮನೆಯ ಸಂಗತಿಯಾದದ್ದು 2006ರಲ್ಲಿ. ಹಿಂದಿನ ವರ್ಷದ ಕೊನೆಗೆ ಕಾಣಿಸಿಕೊಂಡ ಚಿಕೂನ್‌ಗುನ್ಯಾ ಬಳ್ಳಾರಿ, ದಾವಣಗೆರೆ, ಚಿತ್ರದುರ್ಗ, ರಾಯಚೂರು, ತುಮಕೂರು ಜಿಲ್ಲೆಗಳನ್ನೆಲ್ಲ ಹೊಕ್ಕಿತು. ರಾಜ್ಯದಲ್ಲಿ ಆ ವರ್ಷ ಏಳೂವರೆ ಲಕ್ಷದಷ್ಟು ಶಂಕಿತ ಪ್ರಕರಣ ದಾಖಲಾದವು. ಜ್ವರ ವಾರದಲ್ಲಿ ಹೋದರೂ ಕೀಲಿನ ಬಿಗಿತ ತಿಂಗಳುಗಟ್ಟಲೆ ಉಳಿಯಿತು, ಕೆಲವರಲ್ಲಿ ವರ್ಷಗಟ್ಟಲೆ. ಬೆರಳು, ಮಣಿಕಟ್ಟು, ಎರಡೂ ಕೈ, ಬೆಳಗಿನ ಬಿಗಿತ: ಲಕ್ಷಣವೆಲ್ಲ ರುಮಟಾಯ್ಡ್ ಸಂಧಿವಾತದ್ದೇ. ಗಂಡಸರೂ ಗೋಡೆ ಹಿಡಿದು ನಡೆದ ಕಾಲ ಅದು. ಇಲ್ಲಿ ಇಎಸ್‌ಆರ್ ಕೈಕೊಟ್ಟಿತು, ಏಕೆಂದರೆ ಅದು ಎರಡರಲ್ಲೂ ಏರುತ್ತದೆ. ಬೇರೆ ಮಾಡಿ ತೋರಿಸಬಲ್ಲದ್ದು ವೈರಾಣುವಿನ ವಿರುದ್ಧದ ಐಜಿಎಂ ಪ್ರತಿಕಾಯ ಪರೀಕ್ಷೆ, ಅದಕ್ಕೆ ಕಿಟ್ಟು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯದು; ಮತ್ತು ಆ ಹೊತ್ತಿಗಷ್ಟೇ ಬಳಕೆಗೆ ಬರುತ್ತಿದ್ದ ಹೊಸ ಗುರುತು, ಸಿಸಿಪಿ ಪ್ರತಿಕಾಯ.

ಸಿಸಿಪಿಯ ಬೇರು 1964ರಷ್ಟು ಹಿಂದಿನದು. ಡಚ್ ವೈದ್ಯರಾದ ನಿನ್‌ಹೌಸ್ ಮತ್ತು ಮಂಡೆಮಾ, ಕೆನ್ನೆಯ ಒಳಗಿನ ಜೀವಕೋಶಗಳಿಗೆ ಅಂಟುವ ಒಂದು ಪ್ರತಿಕಾಯವನ್ನು ಸಂಧಿವಾತಿಗಳ ರಕ್ತದಲ್ಲಿ ಕಂಡಿದ್ದರು. ಮೂವತ್ತು ವರ್ಷ ಅದು ಲ್ಯಾಬಿನ ಕುತೂಹಲವಾಗಿಯೇ ಉಳಿಯಿತು. ನೆದರ್ಲೆಂಡ್ಸಿನ ವಾನ್ ವೆನ್‌ರೋಯ್ ಬಳಗ 1998ರಲ್ಲಿ ಗುಟ್ಟು ಒಡೆಯಿತು: ಪ್ರೋಟೀನಿನ ಆರ್ಜಿನೀನ್ ಎಂಬ ಅಂಶವನ್ನು ದೇಹದ ಒಂದು ಕಿಣ್ವ ಸಿಟ್ರುಲೀನ್ ಆಗಿ ಮಾರ್ಪಡಿಸುತ್ತದೆ, ರೋಗಿಯ ಪ್ರತಿಕಾಯ ಹಿಡಿಯುವುದು ಆ ಮಾರ್ಪಟ್ಟ ತುಣುಕನ್ನು. ಅದನ್ನು ಉಂಗುರದಂತೆ ಕಟ್ಟಿ ಮಾಡಿದ ಪರೀಕ್ಷೆಯೇ ಸಿಸಿಪಿ. ಪಾಸಿಟಿವ್ ಬಂದರೆ ರುಮಟಾಯ್ಡ್ ಫ್ಯಾಕ್ಟರಿಗಿಂತ ಹೆಚ್ಚು ನೆಚ್ಚಬಹುದು. ಚಿಕೂನ್‌ಗುನ್ಯಾದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಸ್ವೀಡನ್ ಮತ್ತು ನೆದರ್ಲೆಂಡ್ಸಿನಲ್ಲಿ ಹಿಂದೆ ಶೇಖರಿಸಿಟ್ಟಿದ್ದ ದಾನಿಗಳ ರಕ್ತವನ್ನು ತೆಗೆದು ನೋಡಿದಾಗ, ಕೀಲು ಊದುವ ಎಷ್ಟೋ ವರ್ಷ ಮೊದಲೇ ಈ ಪ್ರತಿಕಾಯ ಅಲ್ಲಿತ್ತು ಎಂದು 2003-04ರಲ್ಲಿ ತಿಳಿಯಿತು. ಹೊಗೆಸೊಪ್ಪಿನ ಹೊಗೆ ಶ್ವಾಸಕೋಶದಲ್ಲಿ ಈ ಮಾರ್ಪಾಟಿಗೆ ಕುಮ್ಮಕ್ಕು ಕೊಡುತ್ತದೆ ಎಂಬುದೂ ಅದರ ಬೆನ್ನಿಗೇ ಬಂದ ತಿಳಿವು. ಬೀಡಿಯೂ ಅದಕ್ಕೆ ಹೊರತಲ್ಲ.

ತಾಲೂಕು ಊರುಗಳಲ್ಲಿ ಸಿಸಿಪಿಗೆ ಬೇಕಾದ ಯಂತ್ರ ಅಪರೂಪ. ಸಾಮಾನ್ಯವಾಗಿ ರಕ್ತ ಇಲ್ಲಿ ತೆಗೆದು, ತಿಳಿಯನ್ನು ಬೇರ್ಪಡಿಸಿ, ಐಸ್ ಡಬ್ಬಿಯಲ್ಲಿಟ್ಟು ದೊಡ್ಡ ಊರಿನ ಲ್ಯಾಬಿಗೆ ಕಳಿಸುತ್ತಾರೆ. ವರದಿ ಮೊಬೈಲಿಗೆ ಬರುತ್ತದೆ. ಲೇಟೆಕ್ಸಿನ ಹಲವು ಪಟ್ಟು ದುಡ್ಡು. ಅಮೆರಿಕ ಮತ್ತು ಯುರೋಪಿನ ಸಂಧಿವಾತ ಸಂಘಗಳು 2010ರಲ್ಲಿ ಒಪ್ಪಿದ ಮಾನದಂಡದಲ್ಲಿ ಹತ್ತಕ್ಕೆ ಆರು ಅಂಕ ಬಂದರೆ ರೋಗ ಖಚಿತ. ಊದಿದ ಅಥವಾ ಒತ್ತಿದರೆ ನೋಯುವ ಕೀಲುಗಳ ಎಣಿಕೆಗೆ ಐದರವರೆಗೆ, ರುಮಟಾಯ್ಡ್ ಫ್ಯಾಕ್ಟರ್ ಅಥವಾ ಸಿಸಿಪಿಗೆ ಮೂರರವರೆಗೆ, ಇಎಸ್‌ಆರ್ ಅಥವಾ ಉರಿಯೂತದ ಇನ್ನೊಂದು ಅಳತೆಯಾದ ಸಿಆರ್‌ಪಿಗೆ ಒಂದು, ಲಕ್ಷಣಗಳು ಆರು ವಾರ ಅಥವಾ ಅದಕ್ಕಿಂತ ಹೆಚ್ಚು ಇದ್ದದ್ದಕ್ಕೆ ಒಂದು. ರಕ್ತಕ್ಕೆ ಒಟ್ಟು ನಾಲ್ಕೇ ಅಂಕ. ರಕ್ತದಿಂದಷ್ಟೇ ಯಾರೂ ರೋಗಿಯಾಗುವುದಿಲ್ಲ.

ಪ್ರತಿಕಾಯದ ಹಿಂದೆ ಇರುವುದು ಗ್ರಾಹಕಗಳು. ಊರ ಬಾಗಿಲಲ್ಲಿ ಕೂತು ಬಂದವರ ಗುರುತು ಹಿಡಿಯುವ ತಳವಾರನಂತೆ, ರಕ್ಷಣಾ ಕೋಶದ ಮೇಲ್ಮೈಯಲ್ಲಿ ಕೂತು ನಮ್ಮದು-ಪರದು ನೋಡುವ ಪ್ರೋಟೀನುಗಳಿವು. ಡಲ್ಲಾಸಿನ ಪೀಟರ್ ಸ್ಟಾಸ್ನಿ 1970ರ ದಶಕದ ಕೊನೆಗೆ, ಸಂಧಿವಾತಿಗಳಲ್ಲಿ ಎಚ್‌ಎಲ್‌ಎ-ಡಿಆರ್4 ಎಂಬ ಗುರುತು ಹೆಚ್ಚು ಎಂದು ತೋರಿಸಿದ. ಡಿಆರ್ ಪ್ರೋಟೀನು ಪರವಸ್ತುವಿನ ತುಣುಕನ್ನು ಹಿಡಿದು, ರಕ್ಷಣಾ ಕೋಶಗಳಲ್ಲೊಂದಾದ ಟಿ-ಕೋಶದ ಗ್ರಾಹಕಕ್ಕೆ ತೋರಿಸುವಂಥದು. ಆ ಟಿ-ಕೋಶ ಗ್ರಾಹಕದ ಜೀನು ಸಿಕ್ಕಿದ್ದು 1984ರಲ್ಲಿ. ಸಿಟ್ರುಲೀನ್ ತುಣುಕು ಕೆಲವು ಬಗೆಯ ಡಿಆರ್ ಹಿಡಿತದಲ್ಲಿ ಚೆನ್ನಾಗಿ ಕೂರುತ್ತದೆ. ಆ ಬಗೆ ಇದ್ದವರಿಗೆ ರೋಗದ ಸಂಭವ ಹೆಚ್ಚು. ಟೋಲ್ ಮಾದರಿಯ ಗ್ರಾಹಕಗಳು ಇನ್ನೊಂದು ಬಳಗ. ನೊಣದಲ್ಲಿ 1996ರಲ್ಲಿ, ಮನುಷ್ಯರಲ್ಲಿ 1997ರಲ್ಲಿ ಅವುಗಳ ಕೆಲಸ ತಿಳಿದು, 2011ರಲ್ಲಿ ನೊಬೆಲ್ ಬಂತು. ಸೋಂಕು ಬಂದಾಗ ಮೊದಲು ಕೂಗುವುವು ಇವೇ. ಸಂಧಿವಾತಿಗಳ ಕೀಲುಪೊರೆಯಲ್ಲಿ ಇವು ಸೋಂಕಿಲ್ಲದೆಯೂ ಎಚ್ಚೆತ್ತಿರುತ್ತವೆ.

ಚಿಕಿತ್ಸೆಯ ದಿಕ್ಕು ಬದಲಿಸಿದ್ದು ಸಂದೇಶದ ಪ್ರೋಟೀನುಗಳು ಮತ್ತು ಅವುಗಳ ಗ್ರಾಹಕಗಳು. ಲಂಡನ್ನಿನಲ್ಲಿ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್, ಕೀಲುಪೊರೆಯಲ್ಲಿ ಟಿಎನ್‌ಎಫ್ ಎಂಬ ಸಂದೇಶವನ್ನು ತಡೆದರೆ ಉಳಿದವೂ ತಣ್ಣಗಾಗುತ್ತವೆ ಎಂದು ಕಂಡು, 1992ರಲ್ಲಿ ಮೊದಲ ರೋಗಿಗಳಿಗೆ ಅದನ್ನು ತಡೆಯುವ ಪ್ರತಿಕಾಯ ಕೊಟ್ಟರು. ರಕ್ತದ ಸಿಆರ್‌ಪಿ ಸರ್ರನೆ ಇಳಿಯಿತು. ಟಿಎನ್‌ಎಫ್ ಗ್ರಾಹಕವು ಕೋಶದಿಂದ ಕಳಚಿ ರಕ್ತದಲ್ಲಿ ತೇಲುತ್ತದೆ. ಆ ತೇಲುವ ಗ್ರಾಹಕದ ಮಾದರಿಯಲ್ಲೇ ಕಟ್ಟಿದ ಎಟನರ್ಸೆಪ್ಟ್‌ಗೆ 1998ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಅಹಮದಾಬಾದಿನ ಝೈಡಸ್ 2014ರಲ್ಲಿ ಟಿಎನ್‌ಎಫ್ ತಡೆಯುವ ಅಡಾಲಿಮುಮ್ಯಾಬ್‌ನ ಅಗ್ಗದ ಮಾದರಿಯನ್ನು ತಂದ ಮೇಲೆ ಭಾರತದ ರೋಗಿಗೆ ಬೆಲೆ ತುಸು ಇಳಿಯಿತು. ಆದರೂ ಮಳೆ ನೆಚ್ಚಿದ ಹೊಲದ ಆದಾಯಕ್ಕೆ ಅದು ಎಟುಕುವಂಥದಲ್ಲ.

ಕರ್ನಾಟಕದ ಹೆಸರು ಈ ಕಥೆಯಲ್ಲಿ ಸಿಡಿ6 ಎಂಬ ಗ್ರಾಹಕದ ಮೂಲಕ ಬರುತ್ತದೆ. ಟಿ-ಕೋಶದ ಮೇಲಿರುವ ಈ ಗ್ರಾಹಕವನ್ನು ತಡೆಯುವ ಇಟೊಲಿಜುಮ್ಯಾಬ್, ಕ್ಯೂಬಾದ ಸಂಸ್ಥೆಯೊಂದರಲ್ಲಿ ಹುಟ್ಟಿ ಬೆಂಗಳೂರಿನ ಬಯೋಕಾನಿನಲ್ಲಿ ಬೆಳೆದದ್ದು. ಅದು 2013ರಲ್ಲಿ ಸೋರಿಯಾಸಿಸ್ ಚರ್ಮರೋಗಕ್ಕೆ ಮಾರುಕಟ್ಟೆಗೆ ಬಂತು. ಮೆಥೋಟ್ರೆಕ್ಸೇಟ್ ಜೊತೆ ಅದನ್ನು ರುಮಟಾಯ್ಡ್ ಸಂಧಿವಾತಕ್ಕೆ ಕೊಟ್ಟು ನೋಡಿದ ಭಾರತದ ಎರಡನೇ ಹಂತದ ಪ್ರಯೋಗದ ಫಲ 2016ರಲ್ಲಿ ಪ್ರಕಟವಾಯಿತು. ಭಿಗವಣದ ಸಮೀಕ್ಷೆ ಮಾಡಿದ ಚೋಪ್ರಾ ಅವರೇ ಅದರಲ್ಲೂ ಮುಖ್ಯರು. ಈ ರೋಗಕ್ಕೆ ಅದು ರೂಢಿಯ ಔಷಧವಾಗಲಿಲ್ಲ.

ಸಿಆರ್‌ಪಿ ಎಂಬ ಮೂರಕ್ಷರ ತಾಲೂಕುಗಳ ಬೀದಿಗಿಳಿದದ್ದು ಕೀಲುರೋಗದಿಂದಲ್ಲ, ಕೊರೊನಾದಿಂದ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡ ಈ ಪ್ರೋಟೀನನ್ನು 2020-21ರಲ್ಲಿ ಹಳ್ಳಿಯ ಹುಡುಗರೂ ಬಾಯಿಪಾಠ ಹೇಳಿದರು: ಸಿಆರ್‌ಪಿ ಎಷ್ಟು, ಫೆರಿಟಿನ್ ಎಷ್ಟು, ಡಿ-ಡೈಮರ್ ಎಷ್ಟು. ಎರಡನೇ ಅಲೆಯಲ್ಲಿ ಜನ ಹುಡುಕಾಡಿದ ಟೊಸಿಲಿಜುಮ್ಯಾಬ್ ಮೂಲತಃ ಸಂಧಿವಾತದ ಔಷಧ. ಜಪಾನಿನ ಕಿಶಿಮೊಟೊ ಬಳಗವು ಐಎಲ್-6 ಎಂಬ ಸಂದೇಶದ ಪ್ರೋಟೀನಿನ ಗ್ರಾಹಕದ ಮೇಲೆ ನಡೆಸಿದ ಸಂಶೋಧನೆಯಿಂದ ಹುಟ್ಟಿದ್ದು. ಆ ಎರಡು ವರ್ಷಗಳ ಒಂದು ಲಾಭವೆಂದರೆ, ಸಿಆರ್‌ಪಿಯನ್ನು ಪ್ರಮಾಣ ಹಿಡಿದು ಅಳೆಯುವ ಸಣ್ಣ ಯಂತ್ರಗಳು ಚಿಕ್ಕ ಊರುಗಳ ಲ್ಯಾಬುಗಳಿಗೂ ಬಂದವು. ಇಎಸ್‌ಆರ್ ಇಳಿಯಲು ವಾರಗಳು ಬೇಕು. ಸಿಆರ್‌ಪಿ ಗಂಟೆಗಳಲ್ಲಿ ಏರಿ ದಿನಗಳಲ್ಲಿ ಇಳಿಯುತ್ತದೆ, ರಕ್ತಹೀನತೆಗೂ ಹೆಚ್ಚು ಕದಲುವುದಿಲ್ಲ. ಈ ಸೀಮೆಯ ಹೆಂಗಸರಿಗೆ ಇದೇ ಹೆಚ್ಚು ನ್ಯಾಯದ ಅಳತೆ.

ರೋಗ ಇದೆಯೇ ಎಂಬುದು ಒಂದು ಪ್ರಶ್ನೆ, ಎಷ್ಟು ಕೆರಳಿದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಪ್ರತಿಕಾಯಗಳು ಹೆಚ್ಚು ಉತ್ತರ ಕೊಡುವುದಿಲ್ಲ. ರೋಗ ತಣ್ಣಗಾದರೂ ಸಿಸಿಪಿ ಪಾಸಿಟಿವ್ ಆಗಿಯೇ ಉಳಿಯಬಹುದು, ಆದ್ದರಿಂದ ಅದನ್ನು ಪದೇ ಪದೇ ಮಾಡಿಸುವುದು ದುಡ್ಡಿಗೆ ದಂಡ. ಕೆರಳಿಕೆಯ ಅಳತೆಗೆ 1995ರಿಂದ ಬಳಕೆಯಲ್ಲಿರುವುದು ಡಿಎಎಸ್28. ಇಪ್ಪತ್ತೆಂಟು ಕೀಲುಗಳನ್ನು ವೈದ್ಯರು ಒತ್ತಿ ನೋಡಿ ನೋವೆಷ್ಟರಲ್ಲಿ, ಊತವೆಷ್ಟರಲ್ಲಿ ಎಂದು ಎಣಿಸಿ, ಇಎಸ್‌ಆರ್ ಅಥವಾ ಸಿಆರ್‌ಪಿ ಸೇರಿಸಿ, ರೋಗಿ ತನ್ನ ಸ್ಥಿತಿಗೆ ತಾನೇ ಕೊಟ್ಟ ಅಂಕವನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. 5.1 ದಾಟಿದರೆ ಜೋರು, 3.2ರ ಒಳಗೆ ಸೌಮ್ಯ, 2.6ಕ್ಕೂ ಕೆಳಗಿದ್ದರೆ ಶಮನ. ಆ ಇಪ್ಪತ್ತೆಂಟರಲ್ಲಿ ಪಾದದ ಕೀಲುಗಳಿಲ್ಲ. ಬರಿಗಾಲಲ್ಲಿ ಹೆಂಟೆ ತುಳಿಯುವ ಹೊಲದವರಿಗೆ ಇದು ಸಣ್ಣ ಕೊರತೆಯಲ್ಲ. ಕೈ ಸುಧಾರಿಸಿ ಅಂಕ ಚೆನ್ನಾಗಿ ಬಂದರೂ ಪಾದ ಊದಿಯೇ ಇರಬಹುದು.

ಹೊಸ ಗುರುತುಗಳ ಹುಡುಕಾಟ ನಿಂತಿಲ್ಲ. ಹನ್ನೆರಡು ಪ್ರೋಟೀನುಗಳನ್ನು ಒಟ್ಟಿಗೆ ಅಳೆದು ಒಂದರಿಂದ ನೂರರವರೆಗೆ ಅಂಕ ಕೊಡುವ ಪರೀಕ್ಷೆಯೊಂದು ಅಮೆರಿಕದಲ್ಲಿ 2010ರಿಂದ ಇದೆ. ಕ್ಯಾಲ್‌ಪ್ರೊಟೆಕ್ಟಿನ್, ರಕ್ತದಲ್ಲಿ ತೇಲುವ ಟಿಎನ್‌ಎಫ್ ಮತ್ತು ಐಎಲ್-2 ಗ್ರಾಹಕಗಳು, ರಕ್ತದ ಬಿಳಿಕಣಗಳ ಮೇಲಿನ ಟೋಲ್ ಗ್ರಾಹಕಗಳು ಇವೆಲ್ಲ ಸಂಶೋಧನೆಯ ಪಟ್ಟಿಯಲ್ಲಿವೆ. ಇವುಗಳಲ್ಲಿ ಯಾವುದೂ ತಾಲೂಕು ಆಸ್ಪತ್ರೆಯ ಚೀಟಿಗೆ ಇಳಿದಿಲ್ಲ. ಇಎಸ್‌ಆರ್, ಸಿಆರ್‌ಪಿ, ಲೇಟೆಕ್ಸ್, ಹೊರಗೆ ಕಳಿಸುವ ಸಿಸಿಪಿ, ಈ ನಾಲ್ಕರಲ್ಲೇ ಇಲ್ಲಿಯ ವ್ಯವಹಾರ. ಅವುಗಳ ಮಿತಿಯನ್ನೂ ಹೊಸ ಔಷಧಗಳು ಬದಲಿಸಿವೆ. ಯಕೃತ್ತಿಗೆ ಸಿಆರ್‌ಪಿ ತಯಾರಿಸು ಎಂದು ಹೇಳುವುದೇ ಐಎಲ್-6. ಅದರ ಗ್ರಾಹಕವನ್ನು ತಡೆಯುವ ಟೊಸಿಲಿಜುಮ್ಯಾಬ್ ಪಡೆಯುವವರಲ್ಲಿ ಆ ಮಾತು ಯಕೃತ್ತಿಗೆ ತಲುಪುವುದೇ ಇಲ್ಲ, ಕೀಲು ಊದಿದ್ದರೂ ಸಿಆರ್‌ಪಿ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಸೋಂಕು ತಗುಲಿದರೂ ಅದು ಏಳದಿರಬಹುದು. ಅಂಥ ರೋಗಿಯ ವಿಷಯದಲ್ಲಿ ವೈದ್ಯರು ವರದಿಯನ್ನು ಪಕ್ಕಕ್ಕಿಟ್ಟು, ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿಯೇ ಊತವನ್ನು ಎಣಿಸಬೇಕಾಗುತ್ತದೆ.